ಹೃದಯದ ಹೊರಬಾಗಿಲಿನ ಅಡಚಣೆ

ಬಳಲಿದ ಹೃದಯಕ್ಕೆ ಬಲ ತುಂಬುವ ಔಷಧವನ್ನು ಕೊಡಬೇಕೆಂಬುದು ಯಾರಿಗಾದರೂ ಸಹಜವಾಗಿ ಹೊಳೆಯುವ ಮಾತು. ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರೋಗಿಯ ರಕ್ತದ ಒತ್ತಡ ಕುಸಿದರೆ ವೈದ್ಯರು ಸಾಮಾನ್ಯವಾಗಿ ಮಾಡುವುದೂ ಅದನ್ನೇ. ಅಡ್ರಿನಲಿನ್ ಮೊದಲಾದ ಔಷಧಗಳನ್ನು ರಕ್ತನಾಳದೊಳಕ್ಕೆ ಅಳೆದು ಬಿಡುತ್ತಾರೆ, ಹೃದಯದ ಸ್ನಾಯು ಹುರುಪುಗೊಂಡು ಬಲವಾಗಿ ಸಂಕೋಚಿಸುತ್ತದೆ, ಒತ್ತಡ ಏರುತ್ತದೆ. ಆದರೆ ಕೆಲವು ರೋಗಿಗಳಲ್ಲಿ ಇದಕ್ಕೆ ನೇರ ವಿರುದ್ಧವಾದುದು ನಡೆಯುತ್ತದೆ. ಔಷಧದ ಪ್ರಮಾಣವನ್ನು ಹೆಚ್ಚಿಸಿದಷ್ಟೂ ಒತ್ತಡ ಇಳಿಯುತ್ತ ಹೋಗುತ್ತದೆ. ಅದನ್ನು ನಿಲ್ಲಿಸಿ, ಹೃದಯದ ಓಟವನ್ನು ತಗ್ಗಿಸಿ, ರಕ್ತನಾಳಗಳಲ್ಲಿ ದ್ರವವನ್ನು ತುಂಬಿದರೆ ಮುಳುಗುತ್ತಿದ್ದ ರೋಗಿ ಚೇತರಿಸಿಕೊಳ್ಳುತ್ತಾನೆ.

ಇದೇನು ಸೋಜಿಗ? ಬಲ ಕೊಟ್ಟರೆ ಸೋಲುವ, ಬಲವನ್ನು ತಗ್ಗಿಸಿದರೆ ಗೆಲ್ಲುವ ಹೃದಯ ಎಂಥದು? ಇದರ ಉತ್ತರ ಔಷಧಶಾಸ್ತ್ರದಲ್ಲಿ ಎಷ್ಟಿದೆಯೋ, ನಾವು ಕಾಲೇಜಿನ ಭೌತಶಾಸ್ತ್ರದಲ್ಲಿ ಓದುವ ದ್ರವಚಲನೆಯ ಪಾಠದಲ್ಲಿಯೂ ಅಷ್ಟೇ ಇದೆ. ಅದನ್ನು ಇಲ್ಲಿ ಕ್ರಮವಾಗಿ ವಿಚಾರಮಾಡೋಣ.

ಎಡ ಹೃತ್ಕುಕ್ಷಿಯ ಎರಡು ಬಾಗಿಲುಗಳು

ಹೃದಯದಲ್ಲಿ ನಾಲ್ಕು ಕೋಣೆಗಳಿವೆಯೆಂಬುದು ನಮ್ಮ ವಾಚಕರಿಗೆ ತಿಳಿದೇ ಇದೆ. ಅವುಗಳಲ್ಲಿ ಅತ್ಯಂತ ಬಲಿಷ್ಠವಾದುದು ಎಡ ಹೃತ್ಕುಕ್ಷಿ. ಶ್ವಾಸಕೋಶಗಳಲ್ಲಿ ಶುದ್ಧವಾಗಿ ಬಂದ ರಕ್ತವನ್ನು ಇಡೀ ದೇಹಕ್ಕೆ ಕಳುಹಿಸುವ ಹೊಣೆ ಇದರದು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃತ್ಕುಕ್ಷಿಯು ಸುಮಾರು ೧೨೦ ಮಿಲಿಲೀಟರ್ ರಕ್ತದಿಂದ ತುಂಬಿಕೊಂಡು, ಪ್ರತಿ ಬಡಿತದಲ್ಲಿ ಸುಮಾರು ೭೦ ಮಿಲಿಲೀಟರನ್ನು ಹೊರನೂಕುತ್ತದೆ. ಉಳಿದ ೫೦ ಮಿಲಿಲೀಟರ್ ಒಳಗೇ ಉಳಿಯುತ್ತದೆ. ಈ ಉಳಿಕೆ ವ್ಯರ್ಥವೆಂದು ತೋರಬಹುದು. ಆದರೆ ಅದಕ್ಕೂ ಒಂದು ಪ್ರಯೋಜನವಿದೆಯೆಂಬುದು ಮುಂದೆ ತಿಳಿಯುತ್ತದೆ.

ಈ ಕೋಣೆಗೆ ರಕ್ತ ಬರುವ ಬಾಗಿಲಿನಲ್ಲಿರುವುದು ದ್ವಿದಳ ಕವಾಟ. ಹೊರಹೋಗುವ ಬಾಗಿಲಿನಲ್ಲಿರುವುದು ಮಹಾಪಧಮನಿಯ ಕವಾಟ. ಇವೆರಡೂ ಕೋಣೆಯ ಎರಡು ದೂರದ ಮೂಲೆಗಳಲ್ಲಿಲ್ಲ, ಅಕ್ಕಪಕ್ಕದಲ್ಲಿಯೇ ಇವೆ. ದ್ವಿದಳ ಕವಾಟದಲ್ಲಿ ಮುಂದಣ ದಳ, ಹಿಂದಣ ದಳ ಎಂಬ ಎರಡು ತೆಳುವಾದ ಪೊರೆಗಳುಂಟು. ಇವುಗಳ ಅಂಚುಗಳನ್ನು ದಾರಗಳಂತಿರುವ ಸ್ನಾಯುರಜ್ಜುಗಳು ಹೃತ್ಕುಕ್ಷಿಯ ಗೋಡೆಯ ಸ್ನಾಯುಕಂಬಗಳಿಗೆ ಬಿಗಿದಿರುತ್ತವೆ. ರಕ್ತವು ಹೃತ್ಕುಕ್ಷಿಯಿಂದ ಮಹಾಪಧಮನಿಗೆ ಹೋಗುವ ಹಾದಿಯ ಒಂದು ಪಕ್ಕದಲ್ಲಿ, ಎಡ ಬಲ ಹೃತ್ಕುಕ್ಷಿಗಳನ್ನು ಬೇರ್ಪಡಿಸುವ ದಪ್ಪನೆಯ ನಡುಗೋಡೆ ಇದೆ. ಇನ್ನೊಂದು ಪಕ್ಕದಲ್ಲಿ ದ್ವಿದಳ ಕವಾಟದ ಮುಂದಣ ದಳವಿದೆ. ಎಂದರೆ ಈ ಹೊರಹಾದಿಯ ಒಂದು ಪಕ್ಕ ಮಾಂಸದ ಗೋಡೆ, ಮತ್ತೊಂದು ಪಕ್ಕ ಅಲುಗಾಡುವ ಪರದೆ. ನಮ್ಮ ಕಥೆಯೆಲ್ಲ ನಡೆಯುವುದು ಈ ಇಕ್ಕಟ್ಟಾದ ಓಣಿಯಲ್ಲಿಯೇ.

ಬೆರಳಿಗೆ ಸಿಕ್ಕದ ತಡೆ

೧೯೫೭ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ರಸೆಲ್ ಬ್ರಾಕ್ ಒಂದು ವಿಚಿತ್ರವನ್ನು ವರದಿಮಾಡಿದರು. ಹೃತ್ಕುಕ್ಷಿಯ ಹೊರಹಾದಿಯಲ್ಲಿ ತಡೆಯುಂಟೆಂದು ಒತ್ತಡದ ಅಳತೆಗಳು ಸಾರುತ್ತಿದ್ದರೂ, ತಡೆಯನ್ನು ಉಂಟುಮಾಡುವ ಯಾವ ಸ್ಥಿರವಾದ ವಸ್ತುವೂ ಅಲ್ಲಿರಲಿಲ್ಲ. ಮರುವರ್ಷ ಅದೇ ಲಂಡನ್ನಿನಲ್ಲಿ ಡೊನಾಲ್ಡ್ ಟಿಯರ್ ಎಂಬ ರೋಗಶಾಸ್ತ್ರಜ್ಞರು, ಹಠಾತ್ತಾಗಿ ಮಡಿದ ಕೆಲವು ತರುಣರ ಹೃದಯಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನಡುಗೋಡೆಯು ಮಿತಿಮೀರಿ ದಪ್ಪವಾಗಿತ್ತೆಂದು ತೋರಿಸಿದರು.

ಅದೇ ಕಾಲದಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಹೃದಯ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಆಂಡ್ರೂ ಗ್ಲೆನ್ ಮಾರೋ ಮತ್ತು ಹೃದ್ರೋಗತಜ್ಞ ಯೂಜೀನ್ ಬ್ರೌನ್‌ವಾಲ್ಡ್ ಇದೇ ಒಗಟನ್ನು ಎದುರಿಸಿದರು. ಹೃತ್ಕುಕ್ಷಿಯ ಒತ್ತಡಕ್ಕೂ ಮಹಾಪಧಮನಿಯ ಒತ್ತಡಕ್ಕೂ ದೊಡ್ಡ ಅಂತರವಿತ್ತು. ಕವಾಟದ ಕೆಳಗೆ ಯಾವುದೋ ಪೊರೆ ಅಡ್ಡವಾಗಿರಬೇಕೆಂದು ಭಾವಿಸಿ ಹೃದಯವನ್ನು ತೆರೆದು ಬೆರಳಾಡಿಸಿದಾಗ ಹಾದಿ ಸರಾಗವಾಗಿಯೇ ಇತ್ತು. ಕತ್ತರಿಸಲು ಅಲ್ಲಿ ಏನೂ ಸಿಕ್ಕಲಿಲ್ಲ. ಅವರು ೧೯೫೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದೇಹರಚನೆಯಲ್ಲಿ ಕಾಣದೆ ಕ್ರಿಯೆಯಲ್ಲಿ ಮಾತ್ರ ಪ್ರಕಟವಾಗುವ ಅಡಚಣೆಯೆಂದು ಇದನ್ನು ವಿವರಿಸಿದರು.

ಈ ಮಾತಿನ ಅರ್ಥವನ್ನು ಗಮನಿಸಬೇಕು. ನಿಲ್ಲಿಸಿದ ಹೃದಯದಲ್ಲಿ ಈ ತಡೆ ಇರುವುದಿಲ್ಲ. ಮಡಿದ ಹೃದಯವನ್ನು ಸೀಳಿ ನೋಡಿದರೂ ತಡೆಯೆಂಬ ವಸ್ತು ದೊರೆಯುವುದಿಲ್ಲ. ಅದಕ್ಕೆ ಎಡೆಮಾಡಿಕೊಡುವ ದಪ್ಪ ಗೋಡೆ ಮಾತ್ರ ಕಾಣುತ್ತದೆ. ಹೃದಯ ಬಡಿಯುವಾಗ, ಅದರಲ್ಲಿಯೂ ಜೋರಾಗಿ ಬಡಿಯುವಾಗ, ತಡೆ ಹುಟ್ಟುತ್ತದೆ. ಬಡಿತ ಸಡಿಲವಾದಾಗ ಮಾಯವಾಗುತ್ತದೆ. ಇದು ಕಲ್ಲಿನಂತೆ ಬಿದ್ದಿರುವ ಅಡ್ಡಿಯಲ್ಲ, ಚಲನೆಯಿಂದಲೇ ಹುಟ್ಟುವ ಅಡ್ಡಿ.

ದಳವು ಗೋಡೆಗೆ ತಾಗುವ ಬಗೆ

ಬಡಿಯುತ್ತಿರುವ ಹೃದಯದ ಒಳಗನ್ನು ಕಾಣುವ ಸಾಧನ ದೊರೆತ ಮೇಲೆಯೇ ಈ ಒಗಟು ಬಿಡಿಸಿತು. ೧೯೫೩ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ, ಲೋಹದೊಳಗಣ ಬಿರುಕುಗಳನ್ನು ಪತ್ತೆಮಾಡುವ ಶ್ರವಣಾತೀತ ಧ್ವನಿಯ ಸಾಧನವನ್ನು ಹೃದಯದ ಕಡೆಗೆ ತಿರುಗಿಸಿದರು. ಹೃದಯದ ಗೋಡೆಗಳಿಂದಲೂ ಕವಾಟಗಳಿಂದಲೂ ಮರುಳುವ ಪ್ರತಿಧ್ವನಿ ಅವುಗಳ ಚಲನೆಯನ್ನು ಗೆರೆಗಳಾಗಿ ಬರೆಯಿತು. ಈ ವಿಧಾನದಿಂದಲೇ ೧೯೬೯ರಲ್ಲಿ ಪ್ರವೀಣ್ ಷಾ ಮತ್ತು ಅವರ ಸಂಗಡಿಗರು, ಅಡಚಣೆಯುಳ್ಳ ಹೃದಯದಲ್ಲಿ ದ್ವಿದಳ ಕವಾಟದ ಮುಂದಣ ದಳವು ಸಂಕೋಚನದ ವೇಳೆಯಲ್ಲಿ ಮುಂದಕ್ಕೆ ಸರಿದು ನಡುಗೋಡೆಯ ಸಮೀಪಕ್ಕೆ ಬರುವುದನ್ನು ತೋರಿಸಿದರು. ಮುಚ್ಚಿಕೊಂಡು ತನ್ನ ಸ್ಥಾನದಲ್ಲಿ ನಿಲ್ಲಬೇಕಾದ ಬಾಗಿಲು ಎದುರುಗೋಡೆಗೆ ಹೋಗಿ ಒರಗುತ್ತಿತ್ತು.

ದಳ ಹೀಗೇಕೆ ಸರಿಯುತ್ತದೆ? ಇಕ್ಕಟ್ಟಿನಲ್ಲಿ ದ್ರವದ ವೇಗ ಹೆಚ್ಚಿದಾಗ ಅಲ್ಲಿಯ ಒತ್ತಡ ತಗ್ಗುತ್ತದೆಂದು ಬರ್ನೂಲಿಯ ತತ್ತ್ವ ಹೇಳುತ್ತದೆ. ಆ ತಗ್ಗಿದ ಒತ್ತಡವೇ ದಳವನ್ನು ಸೆಳೆದುಕೊಳ್ಳುತ್ತದೆಂದು ಬಹುಕಾಲ ನಂಬಲಾಗಿತ್ತು. ತರುವಾಯದ ಸೂಕ್ಷ್ಮ ಪರೀಕ್ಷೆಗಳಿಂದ, ವೇಗವು ಅಷ್ಟಾಗಿ ಏರುವ ಮೊದಲೇ ದಳ ಸರಿಯಲಾರಂಭಿಸುತ್ತದೆಂದು ತಿಳಿದುಬಂದಿದೆ. ಆದುದರಿಂದ ಸೆಳೆತಕ್ಕಿಂತ ನೂಕುವಿಕೆಯೇ ಮುಖ್ಯವೆಂಬುದು ಈಗಿನ ಅಭಿಪ್ರಾಯ. ಹೊಳೆಯಲ್ಲಿ ಸೀರೆ ಜಾಲಿಸುವವರು ಅದರ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ನೀರಿಗೆ ಬಿಡುವುದನ್ನು ನಾವು ನೋಡಿದ್ದೇವೆ. ಸೀರೆ ದಡದ ಮಗ್ಗುಲಲ್ಲಿ ನಿಂತ ನೀರಿನಲ್ಲಿರುವಾಗ ಸುಮ್ಮನಿರುತ್ತದೆ. ಅದರ ಸೆರಗು ಸ್ವಲ್ಪ ಹರಿವಿನೊಳಕ್ಕೆ ಚಾಚಿತೋ, ಪ್ರವಾಹ ಅದರ ಹಿಂದೆ ಹೊಕ್ಕು ತನ್ನೊಡನೆ ಕೊಂಡೊಯ್ಯುತ್ತದೆ. ದಳದ ತುದಿಯು ಹೊರಹಾದಿಯೊಳಕ್ಕೆ ಚಾಚಿಕೊಂಡಿದ್ದರೆ ಅದಕ್ಕೂ ಇದೇ ಗತಿ. ಹರಿವು ಚುರುಕಾದಷ್ಟೂ, ಹಾದಿ ಕಿರಿದಾದಷ್ಟೂ ದಳ ಗೋಡೆಯ ಹತ್ತಿರಕ್ಕೆ ಹೋಗುತ್ತದೆ.

ಇದರಿಂದ ಕೇಡು ಎರಡು ಬಗೆ. ಹೊರಹಾದಿ ಕಟ್ಟಿಕೊಂಡು ದೇಹಕ್ಕೆ ಹೋಗುವ ರಕ್ತ ಕಡಮೆಯಾಗುತ್ತದೆ. ದಳ ತನ್ನ ಜೊತೆಗಾರನನ್ನು ಬಿಟ್ಟು ಸರಿದುದರಿಂದ ದ್ವಿದಳ ಕವಾಟ ಸೋರಿ, ರಕ್ತವು ಹಿಂದಕ್ಕೆ ಹೃತ್ಕರ್ಣಕ್ಕೆ ನುಗ್ಗಿ, ಶ್ವಾಸಕೋಶಗಳಲ್ಲಿ ಒತ್ತಡವೇರುತ್ತದೆ.

ಒತ್ತಡದ ಲೆಕ್ಕ

ಅಡಚಣೆಯ ತೀವ್ರತೆಯನ್ನು ಅಳೆಯುವ ಲೆಕ್ಕ ವಿದ್ಯಾರ್ಥಿಗಳು ತಾವೇ ಮಾಡಬಹುದಾದಷ್ಟು ಸುಲಭ. ಬರ್ನೂಲಿಯ ಸಮೀಕರಣದ ಪ್ರಕಾರ ಒತ್ತಡದ ಅಂತರವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ರಕ್ತದ ಸಾಂದ್ರತೆ ಘನಮೀಟರಿಗೆ ಸುಮಾರು ೧೦೬೦ ಕಿಲೋಗ್ರಾಂ. ಅದರ ಅರ್ಧ ೫೩೦. ಉತ್ತರವು ಪ್ಯಾಸ್ಕಲ್ ಮಾನದಲ್ಲಿ ಬರುತ್ತದೆ. ಪಾದರಸದ ಒಂದು ಮಿಲಿಮೀಟರ್ ಎಂದರೆ ಸುಮಾರು ೧೩೩ ಪ್ಯಾಸ್ಕಲ್. ೫೩೦ನ್ನು ೧೩೩ರಿಂದ ಭಾಗಿಸಿದರೆ ಸರಿಸುಮಾರು ೪. ಆದುದರಿಂದ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ವೇಗವನ್ನು ವರ್ಗಮಾಡಿ ನಾಲ್ಕರಿಂದ ಗುಣಿಸಿದರೆ ಒತ್ತಡದ ಅಂತರವು ಪಾದರಸದ ಮಿಲಿಮೀಟರುಗಳಲ್ಲಿ ದೊರೆಯುತ್ತದೆ.

ಆರೋಗ್ಯವಂತನ ಹೊರಹಾದಿಯಲ್ಲಿ ರಕ್ತದ ವೇಗ ಸೆಕೆಂಡಿಗೆ ಸುಮಾರು ೧ ಮೀಟರ್. ಅಂತರ ಕೇವಲ ೪ ಮಿಲಿಮೀಟರ್. ವೇಗ ೪ ಮೀಟರಿಗೆ ಏರಿದರೆ ಅಂತರ ೬೪. ೫ ಮೀಟರಿಗೆ ಏರಿದರೆ ೧೦೦. ಮಹಾಪಧಮನಿಯಲ್ಲಿ ೯೦ ಮಿಲಿಮೀಟರಿನ ಒತ್ತಡವನ್ನು ನಿಲ್ಲಿಸಲು ಆಗ ಹೃತ್ಕುಕ್ಷಿಯೊಳಗೆ ೧೯೦ ಮಿಲಿಮೀಟರಿನ ಒತ್ತಡ ಬೇಕಾಗುತ್ತದೆ! ಅಂತರವು ೩೦ನ್ನು ಮುಟ್ಟಿದರೆ ಅಡಚಣೆಯಿದೆಯೆಂದೂ ೫೦ನ್ನು ಮುಟ್ಟಿದರೆ ಅದು ತೀವ್ರವೆಂದೂ ವೈದ್ಯರು ಗಣಿಸುತ್ತಾರೆ. ರಕ್ತದ ವೇಗವನ್ನು ಅಳೆಯುವುದಕ್ಕೆ ಡಾಪ್ಲರ್ ಪರಿಣಾಮ ನೆರವಾಗುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳು ತಾರಕವಾಗಿ ಕೇಳಿಸುವ ಅದೇ ತತ್ತ್ವ.

ಶಸ್ತ್ರಚಿಕಿತ್ಸೆಯ ತರುವಾಯ ಏಕೆ?

ಹುಟ್ಟಿನಿಂದ ನಡುಗೋಡೆ ದಪ್ಪವಾಗಿರುವವರಲ್ಲಿ ಮಾತ್ರ ಈ ಅಡಚಣೆ ಉಂಟಾಗುವುದಾಗಿದ್ದರೆ ಅದು ವಿರಳವಾದ ಸಂಗತಿಯಾಗುತ್ತಿತ್ತು. ಬೇರೊಂದು ಕಾಯಿಲೆಗಾಗಿ ಹೃದಯವನ್ನು ರಿಪೇರಿಮಾಡಿದ ಮೇಲೂ ಇದು ಹೊಸದಾಗಿ ತಲೆದೋರಬಹುದು. ಇಂಥ ಸಂದರ್ಭಗಳು ಮುಖ್ಯವಾಗಿ ಎರಡು.

ಮೊದಲನೆಯದು ಸೋರುವ ದ್ವಿದಳ ಕವಾಟವನ್ನು ಸರಿಪಡಿಸಿದಾಗ. ೧೯೬೦ರ ದಶಕದ ಕೊನೆಯಿಂದ ಪ್ಯಾರಿಸ್ಸಿನ ಅಲೇನ್ ಕಾರ್ಪಾಂತಿಯೆ ಬಳಕೆಗೆ ತಂದ ವಿಧಾನದಲ್ಲಿ ಕವಾಟದ ಹಿಗ್ಗಿದ ಬಾಯಿಗೆ ಒಂದು ಉಂಗುರವನ್ನು ಹೊಲಿದು ಬಿಗಿಮಾಡುತ್ತಾರೆ. ದಳಗಳು ಅಗಲವಾಗಿದ್ದು ಉಂಗುರ ಚಿಕ್ಕದಾದರೆ, ಅಥವಾ ಹಿಂದಣ ದಳ ಎತ್ತರವಾಗಿ ಉಳಿದರೆ, ಎರಡು ದಳಗಳು ಕೂಡುವ ಗೆರೆ ನಡುಗೋಡೆಯ ಕಡೆಗೆ ಸರಿಯುತ್ತದೆ. ಮಿಕ್ಕ ತುದಿ ಹರಿವಿಗೆ ಚಾಚುತ್ತದೆ. ಸೀರೆಯ ಸೆರಗು ಪ್ರವಾಹಕ್ಕೆ ಸಿಕ್ಕಿದಂತಾಗುತ್ತದೆ.

ಎರಡನೆಯದು ಕಿರಿದಾದ ಮಹಾಪಧಮನಿಯ ಕವಾಟವನ್ನು ತೆಗೆದು ಹೊಸದನ್ನು ಜೋಡಿಸಿದಾಗ. ವರ್ಷಗಟ್ಟಲೆ ಆ ಕಿರುದ್ವಾರದ ಮೂಲಕ ರಕ್ತವನ್ನು ನೂಕಿ ನೂಕಿ ಹೃತ್ಕುಕ್ಷಿಯ ಗೋಡೆಗಳು ದಪ್ಪವಾಗಿರುತ್ತವೆ, ಒಳಗಿನ ಅವಕಾಶ ಚಿಕ್ಕದಾಗಿರುತ್ತದೆ. ಬಿಗಿದುಕೊಂಡ ಬಾಗಿಲನ್ನು ಭುಜಕೊಟ್ಟು ನೂಕುತ್ತಿದ್ದವನ ಮುಂದೆ ಅದು ತಟ್ಟನೆ ತೆರೆದುಕೊಂಡರೆ ಆತ ಮುಗ್ಗರಿಸುವುದಿಲ್ಲವೆ? ಎದುರಿನ ತಡೆ ಇಲ್ಲವಾದ ಹೃತ್ಕುಕ್ಷಿಯು ಹಾಗೆಯೇ ಹಳೆಯ ಬಲದಿಂದ ಸಂಕೋಚಿಸಿ ತನ್ನೊಳಗನ್ನು ಬಹುಮಟ್ಟಿಗೆ ಬರಿದುಮಾಡಿಕೊಳ್ಳುತ್ತದೆ. ಆರೋಗ್ಯವಂತ ಹೃದಯದಲ್ಲಿ ಒಳಗೇ ಉಳಿಯುತ್ತಿದ್ದ ಆ ೫೦ ಮಿಲಿಲೀಟರ್ ರಕ್ತ ಗೋಡೆಗಳನ್ನು ದೂರ ಇರಿಸುತ್ತಿತ್ತು. ಇಲ್ಲಿ ಅದು ಉಳಿಯದೆ ಗೋಡೆಗಳು ಹತ್ತಿರವಾಗುತ್ತವೆ.

ಈ ಎರಡಕ್ಕೂ ಶಸ್ತ್ರಚಿಕಿತ್ಸೆಯ ದಿನದ ಪರಿಸ್ಥಿತಿ ಒತ್ತಾಸೆಯಾಗುತ್ತದೆ. ರಕ್ತ ನಷ್ಟವಾಗಿ ಹೃದಯ ಸಾಕಷ್ಟು ತುಂಬಿರುವುದಿಲ್ಲ. ಅರಿವಳಿಕೆಯಿಂದ ರಕ್ತನಾಳಗಳು ಸಡಿಲವಾಗಿರುತ್ತವೆ. ಹೃದಯವನ್ನು ಮತ್ತೆ ನಡೆಸಲೆಂದು ಕೊಟ್ಟ ಉತ್ತೇಜಕಗಳಿಂದ ಬಡಿತ ವೇಗವಾಗಿರುತ್ತದೆ. ಅಡಚಣೆಗೆ ಬೇಕಾದ ಮೂರೂ ಒಂದೆಡೆ ಕೂಡುತ್ತವೆ. ಬರಿದಾದ ಕೋಣೆ, ಬಲವಾದ ಸಂಕೋಚನ, ಎದುರಿನಲ್ಲಿ ಕಡಮೆಯಾದ ತಡೆ ಎಂಬ ಈ ಮೂರನ್ನು ನೆನಪಿನಲ್ಲಿಟ್ಟರೆ ಇಡೀ ವಿಷಯ ತಿಳಿದಂತೆಯೇ.

ಗುರುತಿಸುವುದೇ ಅರ್ಧ ಚಿಕಿತ್ಸೆ

ಶಸ್ತ್ರಚಿಕಿತ್ಸೆಯಾದ ಮೇಲೆ ಒತ್ತಡ ಕುಸಿಯಲು ಕಾರಣಗಳು ಹಲವು. ರಕ್ತಸ್ರಾವವಾಗುತ್ತಿರಬಹುದು, ಹೃದಯದ ಸುತ್ತ ರಕ್ತ ಕಟ್ಟಿ ಅದನ್ನು ಅದುಮುತ್ತಿರಬಹುದು, ಸ್ನಾಯು ನಿಜವಾಗಿಯೂ ಬಳಲಿರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಗೆ. ರೋಗಿಯ ಕೈಕಾಲು ತಣ್ಣಗಾಗಿರುತ್ತದೆ, ನಾಡಿ ಕ್ಷೀಣವಾಗಿರುತ್ತದೆ, ಮೂತ್ರ ಕಡಮೆಯಾಗಿರುತ್ತದೆ. ಬಳಲಿದ ಸ್ನಾಯುವೆಂದು ಭಾವಿಸಿ ಉತ್ತೇಜಕ ಕೊಟ್ಟರೆ, ಅಡಚಣೆಯುಳ್ಳ ರೋಗಿಯಲ್ಲಿ ವಿಷಚಕ್ರವೊಂದು ತಿರುಗಲಾರಂಭಿಸುತ್ತದೆ. ಅಡಚಣೆಯಿಂದ ಒತ್ತಡ ಕುಸಿಯುತ್ತದೆ; ಕುಸಿದುದಕ್ಕೆ ದೇಹವು ತನ್ನದೇ ಅಡ್ರಿನಲಿನ್ನನ್ನು ಸುರಿಸುತ್ತದೆ; ವೈದ್ಯನೂ ಹೊರಗಿನಿಂದ ಸೇರಿಸುತ್ತಾನೆ; ಹೃದಯ ಮತ್ತಷ್ಟು ಬಲವಾಗಿ ಹಿಂಡಿಕೊಂಡು ಅಡಚಣೆ ಬೆಳೆಯುತ್ತದೆ.

ಈ ಚಕ್ರವನ್ನು ಮುರಿಯಲು ಮೊದಲು ಸಂಶಯ ಹುಟ್ಟಬೇಕು. ಉತ್ತೇಜಕವನ್ನು ಏರಿಸಿದಾಗ ಒತ್ತಡ ಇಳಿದರೆ ಅದೇ ಒಂದು ಸುಳಿವು. ೧೯೬೧ರಲ್ಲಿ ಬ್ರಾಕೆನ್‌ಬರೋ, ಬ್ರೌನ್‌ವಾಲ್ಡ್ ಮತ್ತು ಮಾರೋ ಇನ್ನೊಂದು ಸುಳಿವನ್ನು ತೋರಿಸಿಕೊಟ್ಟರು. ಹೃದಯ ಒಮ್ಮೆ ಅವಧಿಗೆ ಮುಂಚೆ ಬಡಿದು ತುಸು ತಡೆದರೆ, ಮುಂದಿನ ಬಡಿತ ಬಲವಾಗಿರುತ್ತದೆ. ಸಾಮಾನ್ಯ ಹೃದಯದಲ್ಲಿ ಆಗ ನಾಡಿಯೂ ತುಂಬಿ ಬರುತ್ತದೆ. ಚಲನೆಯಿಂದ ಅಡಚಣೆಯಾಗುವ ಹೃದಯದಲ್ಲಿ ಮಾತ್ರ ಆ ಬಲವಾದ ಬಡಿತದ ನಾಡಿ ಕುಗ್ಗುತ್ತದೆ. ಕೊನೆಯ ನಿರ್ಣಯ ಪ್ರತಿಧ್ವನಿಯ ಚಿತ್ರದ್ದು. ಅನ್ನನಾಳವು ಎಡ ಹೃತ್ಕರ್ಣದ ಬೆನ್ನಿಗೇ ಇರುವುದರಿಂದ, ಅದರೊಳಗೆ ಇಳಿಸಿದ ಸಾಧನವು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ದಳದ ಚಲನೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಎದೆಯನ್ನು ಮುಚ್ಚುವ ಮೊದಲೇ ನೋಡಿಕೊಳ್ಳುವುದು ಇದರಿಂದ ಸಾಧ್ಯವಾಗಿದೆ.

ಚಿಕಿತ್ಸೆಯ ಮೆಟ್ಟಿಲುಗಳು

ರೋಗದ ಬಗೆ ತಿಳಿದ ಮೇಲೆ ಚಿಕಿತ್ಸೆ ತಾನಾಗಿಯೇ ಹೊಳೆಯುತ್ತದೆ. ಮೇಲೆ ಹೇಳಿದ ಮೂರು ಕಾರಣಗಳನ್ನೂ ತಿರುಗುಮುರುಗು ಮಾಡಬೇಕು.

ಮೊದಲನೆಯದಾಗಿ ಉತ್ತೇಜಕಗಳನ್ನು ನಿಲ್ಲಿಸುವುದು. ಒತ್ತಡ ತಗ್ಗಿರುವಾಗ ಅಡ್ರಿನಲಿನ್ನನ್ನು ನಿಲ್ಲಿಸಲು ಧೈರ್ಯ ಬೇಕು. ಆದರೆ ಆ ಧೈರ್ಯ ತಿಳಿವಿನಿಂದ ಬಂದುದಾಗಿರಬೇಕು.

ಎರಡನೆಯದು ತುಂಬುವುದು. ದ್ರವವನ್ನೋ ರಕ್ತವನ್ನೋ ಕೊಟ್ಟು ಹೃತ್ಕುಕ್ಷಿಯನ್ನು ಹಿಗ್ಗಿಸಿದರೆ ದಳಕ್ಕೂ ಗೋಡೆಗೂ ನಡುವಣ ದೂರ ಹೆಚ್ಚುತ್ತದೆ. ಇಲ್ಲಿ ಒಂದು ಬಲೆಯುಂಟು. ಕವಾಟ ಸೋರುವುದರಿಂದ ಶ್ವಾಸಕೋಶಗಳಲ್ಲಿ ನೀರು ತುಂಬಿರಬಹುದು. ಅದನ್ನು ಕಂಡು ಮೂತ್ರ ಹೆಚ್ಚಿಸುವ ಔಷಧವನ್ನು ಕೊಟ್ಟರೆ ಹೃದಯ ಇನ್ನಷ್ಟು ಬರಿದಾಗಿ ಸ್ಥಿತಿ ಕೆಡುತ್ತದೆ.

ಮೂರನೆಯದು ರಕ್ತನಾಳಗಳನ್ನು ಬಿಗಿಗೊಳಿಸುವುದು. ಇದಕ್ಕೆ ಫಿನೈಲೆಫ್ರಿನ್ ಎಂಬ ಔಷಧ ಹೆಚ್ಚು ಒಪ್ಪುತ್ತದೆ. ಅದು ನಾಳಗಳನ್ನು ಬಿಗಿಮಾಡುತ್ತದೆ, ಹೃದಯವನ್ನು ಕೆರಳಿಸುವುದಿಲ್ಲ. ಹೊರಗೆ ತಡೆ ಹೆಚ್ಚಿಸಿದರೆ ಒಳಗಿನ ತಡೆ ಹೇಗೆ ಕಡಮೆಯಾದೀತು ಎಂದು ಕೇಳಬಹುದು. ಕಾಲುವೆಯ ಕೆಳಭಾಗದಲ್ಲಿ ಹಲಗೆ ಇಳಿಸಿದರೆ ಮೇಲ್ಭಾಗದಲ್ಲಿ ನೀರು ನಿಂತು ಹರವಾಗುತ್ತದೆ, ಅದರ ಓಟ ತಗ್ಗುತ್ತದೆ. ಮಹಾಪಧಮನಿಯಲ್ಲಿ ಒತ್ತಡವೇರಿದಾಗ ಹೃತ್ಕುಕ್ಷಿಯಲ್ಲಿ ಆಗುವುದೂ ಅದೇ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳು ತುಂಬುವುದಕ್ಕೂ ಆ ಒತ್ತಡ ಅನುಕೂಲ. ಇದೇ ಕಾರಣದಿಂದ, ನಾಳಗಳನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ ಇಲ್ಲಿ ಅಪಾಯಕರ. ಬಳಲಿದ ಹೃದಯಕ್ಕೆ ಊರುಗೋಲಾಗುವಂತೆ ಮಹಾಪಧಮನಿಯೊಳಗೆ ಇಡುವ ಬೆಲೂನು ಪಂಪು ಸಹ, ಎದುರಿನ ತಡೆಯನ್ನು ತಗ್ಗಿಸುವುದರಿಂದ, ಇಲ್ಲಿ ಶತ್ರುವೇ ಆಗುತ್ತದೆ.

ನಾಲ್ಕನೆಯದು ನಿಧಾನಗೊಳಿಸುವುದು. ನಿಮಿಷಕ್ಕೆ ೭೦ ಬಾರಿ ಬಡಿಯುವ ಹೃದಯಕ್ಕೆ ಪ್ರತಿ ಬಡಿತಕ್ಕೆ ಸುಮಾರು ೦.೮೬ ಸೆಕೆಂಡು ದೊರೆಯುತ್ತದೆ, ಸಂಕೋಚನಕ್ಕೆ ೦.೩ ಕಳೆದರೆ ತುಂಬಿಕೊಳ್ಳಲು ೦.೫೬ ಉಳಿಯುತ್ತದೆ. ಬಡಿತ ೧೨೦ಕ್ಕೆ ಏರಿದರೆ ಸಿಕ್ಕುವುದು ಅರ್ಧ ಸೆಕೆಂಡು ಮಾತ್ರ. ಸಂಕೋಚನದ ಕಾಲ ಅಷ್ಟಾಗಿ ಕುಗ್ಗುವುದಿಲ್ಲ. ತುಂಬುವ ಕಾಲ ಸುಮಾರು ೦.೨೫ಕ್ಕೆ ಇಳಿಯುತ್ತದೆ. ಎಂದರೆ ಓಟ ಎರಡರಷ್ಟೂ ಹೆಚ್ಚಿಲ್ಲ, ತುಂಬುವ ಬಿಡುವು ಮಾತ್ರ ಅರ್ಧಕ್ಕಿಂತ ಕಡಮೆಯಾಯಿತು. ಅಡ್ರಿನಲಿನ್ನಿನ ಪ್ರಭಾವವನ್ನು ತಡೆಯುವ ಬೀಟಾ ನಿರೋಧಕಗಳು ಓಟವನ್ನೂ ಸಂಕೋಚನದ ಬಿರುಸನ್ನೂ ತಗ್ಗಿಸುತ್ತವೆ. ಜೇಮ್ಸ್ ಬ್ಲಾಕ್ ೧೯೬೦ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್ ಈ ವರ್ಗದ್ದು. ಅವರಿಗೆ ೧೯೮೮ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಸ್ಮೊಲಾಲ್ ಹೆಚ್ಚು ಬಳಕೆಯಲ್ಲಿದೆ. ಸುಮಾರು ೯ ನಿಮಿಷಗಳಲ್ಲಿ ಅದರ ಅರ್ಧಭಾಗ ರಕ್ತದಿಂದ ಮಾಯವಾಗುವುದರಿಂದ, ತಪ್ಪಾಗಿದ್ದರೆ ಬೇಗ ಹಿಂದೆಗೆಯಬಹುದು.

ಹೃತ್ಕರ್ಣಗಳ ಲಯವನ್ನು ಕಾಪಾಡುವುದೂ ಅವಶ್ಯ. ದಪ್ಪನಾಗಿ ಬಿರುಸಾದ ಹೃತ್ಕುಕ್ಷಿಯು ತುಂಬಿಕೊಳ್ಳಲು ಹೃತ್ಕರ್ಣದ ಕೊನೆಯ ನೂಕನ್ನು ಬಹಳವಾಗಿ ನೆಚ್ಚಿರುತ್ತದೆ. ಹೃತ್ಕರ್ಣಗಳು ಲಯತಪ್ಪಿ ಅದಿರಲಾರಂಭಿಸಿದರೆ ಆ ನೆರವು ತಪ್ಪಿಹೋಗುತ್ತದೆ. ಆಗ ವಿದ್ಯುತ್ತಿನ ಆಘಾತದಿಂದಲೋ ಔಷಧದಿಂದಲೋ ಲಯವನ್ನು ಸರಿಪಡಿಸುತ್ತಾರೆ.

ಕವಾಟವನ್ನು ಸರಿಪಡಿಸಿದ ಮೇಲೆ ತೋರುವ ಅಡಚಣೆಯಲ್ಲಿ ಹೆಚ್ಚಿನ ಪಾಲು ಈ ಕ್ರಮಗಳಿಂದಲೇ ಅಡಗುತ್ತದೆ. ಅಡಗದಿದ್ದರೆ ಮತ್ತೆ ಹೃದಯವನ್ನು ನಿಲ್ಲಿಸಿ, ರಕ್ತಪರಿಚಲನೆಯನ್ನು ಯಂತ್ರಕ್ಕೆ ಒಪ್ಪಿಸಿ, ಹಿಂದಣ ದಳದ ಎತ್ತರವನ್ನು ಕುಗ್ಗಿಸುತ್ತಾರೆ. ದೊಡ್ಡ ಉಂಗುರವನ್ನು ಜೋಡಿಸುತ್ತಾರೆ. ಅಥವಾ ಎರಡು ದಳಗಳ ಅಂಚುಗಳನ್ನು ಒಂದೆಡೆ ಹೊಲಿದು ಮುಂದಣ ದಳವನ್ನು ಕಟ್ಟಿಹಾಕುತ್ತಾರೆ. ಗೋಡೆಯೇ ಉಬ್ಬಿದ್ದರೆ ಅದರ ಮಾಂಸವನ್ನು ಕೆತ್ತಿ ತೆಗೆದು ಹಾದಿಯನ್ನು ಅಗಲಮಾಡುತ್ತಾರೆ. ಯಾವುದೂ ಸಾಲದಾದಾಗ ಕವಾಟವನ್ನೇ ಬದಲಿಸುವುದು ಕೊನೆಯ ಉಪಾಯ. ಇವೆಲ್ಲ ಪರಿಣತರ ಕೈಗೆ ಸೇರಿದ ಕೆಲಸಗಳೆಂಬುದನ್ನೂ, ಮೇಲಣ ಔಷಧಗಳು ಎಚ್ಚರದ ಕಾವಲಿನಲ್ಲಿ ಮಾತ್ರ ಕೊಡತಕ್ಕವೆಂಬುದನ್ನೂ ಬೇರೆಯಾಗಿ ಹೇಳಬೇಕಾಗಿಲ್ಲ.

ಗೋಡೆಯ ಮಾಂಸವನ್ನು ಕೆತ್ತಿ ತೆಗೆಯುವ ಆ ಶಸ್ತ್ರಕ್ರಿಯೆಗೆ ಇಂದಿಗೂ ಮಾರೋ ಅವರ ಹೆಸರಿದೆ. ಬೆರಳಿಗೆ ಸಿಕ್ಕದ ತಡೆಯನ್ನು ಕಂಡು ಒಮ್ಮೆ ಬೆರಗಾದ ಅವರೇ, ೧೯೬೦ರ ದಶಕದ ಮೊದಲಲ್ಲಿ ಅದಕ್ಕೆ ಪರಿಹಾರವನ್ನು ರೂಪಿಸಿ ಹಲವರ ಪ್ರಾಣ ಉಳಿಸಿದರು. ಅದೇ ರೋಗ ಅವರ ಹೃದಯದಲ್ಲಿಯೂ ಇತ್ತು. ೧೯೮೨ರಲ್ಲಿ ಅವರು ಅದರಿಂದಲೇ ತೀರಿಕೊಂಡರು.

ತಾಳಿದವನು ಬಾಳಿಯಾನು ಎಂಬುದು ನಮ್ಮ ಹಿರಿಯರ ಗಾದೆ. ಹಾಸಿಗೆಯ ಬಳಿ ನಿಂತ ವೈದ್ಯನ ಕೈಯಲ್ಲಿ ಅಡ್ರಿನಲಿನ್ನಿನ ಪಿಚಕಾರಿ ಸಿದ್ಧವಾಗಿರುವಾಗ, ಕಣ್ಣೆದುರಿಗೆ ಒತ್ತಡ ಕುಸಿಯುತ್ತಿರುವಾಗ, ಒಂದು ಗಳಿಗೆ ತಾಳಿ ಈ ಹೃದಯ ಬಲಸಾಲದೆ ಸೋಲುತ್ತಿದೆಯೋ ಬಲ ಹೆಚ್ಚಾಗಿ ಸೋಲುತ್ತಿದೆಯೋ ಎಂದು ಕೇಳಿಕೊಳ್ಳುವುದರಲ್ಲಿ ಒಬ್ಬ ರೋಗಿಯ ಪ್ರಾಣ ನಿಂತಿರುತ್ತದೆ.